ಸೈನಿಕನ ಸಂಬಳ, ಪಿಂಚಣಿ, ಕೋವಿ: ಯಾವ ತಾರೀಖಿಗೆ ಯಾವ ನಿಯಮ

ಸೈನ್ಯದ ಸೇವೆ ಮುಗಿಸಿ ಊರಿಗೆ ಬಂದವರ ಮನೆಗಳಲ್ಲಿ ಕೆಲವು ಕಾಗದಗಳನ್ನು ಬಲು ಜೋಪಾನವಾಗಿ ಇಟ್ಟಿರುತ್ತಾರೆ. ಡಿಸ್ಚಾರ್ಜ್ ಬುಕ್, ಪಿಪಿಒ ಎಂದು ಎಲ್ಲರೂ ಕರೆಯುವ ಪಿಂಚಣಿ ಆದೇಶ, ಕೋವಿ ಇದ್ದರೆ ಅದರ ಲೈಸೆನ್ಸು. ಈ ಮೂರರ ಹಿಂದಿನ ನಿಯಮಗಳೂ ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಬದಲಾಗಿವೆ. ಅಪ್ಪ ಹವಾಲ್ದಾರನಾಗಿ ನಿವೃತ್ತ, ಮಗ ಅಗ್ನಿವೀರ ಎಂಬ ಮನೆಗಳು ಈಗ ಕೊಡಗಿನಿಂದ ಬೆಳಗಾವಿವರೆಗೆ ಇವೆ. ಇಬ್ಬರಿಗೂ ಅನ್ವಯವಾಗುವ ಲೆಕ್ಕವೇ ಬೇರೆ. ಸೇರಿದ ದಿನ ಯಾವುದು, ಬಿಟ್ಟ ದಿನ ಯಾವುದು, ಹೇಗೆ ಬಿಟ್ಟದ್ದು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಸಂಬಳದಿಂದ ಶುರುಮಾಡೋಣ. ಏಳನೇ ವೇತನ ಆಯೋಗದ ಪ್ರಕಾರ ಸಿಪಾಯಿಯ ಮೂಲ ವೇತನ 21,700 ರೂಪಾಯಿಯಿಂದ ಆರಂಭ. ಇದರ ಮೇಲೆ ಮಿಲಿಟರಿ ಸರ್ವಿಸ್ ಪೇ ಸೇರುತ್ತದೆ: ಜವಾನರಿಗೂ ಜೆಸಿಒಗಳಿಗೂ (ಜೂನಿಯರ್ ಕಮಿಷನ್ಡ್ ಅಧಿಕಾರಿಗಳು) 5,200, ಬ್ರಿಗೇಡಿಯರ್‌ವರೆಗಿನ ಅಧಿಕಾರಿಗಳಿಗೆ 15,500. ಗಡಿ, ಹಿಮ, ಮನೆಯಿಂದ ದೂರದ ಬಾಳು, ಇವಕ್ಕೆ ಕೊಡುವ ಮೊತ್ತವಿದು. ಆರನೇ ಆಯೋಗದ ಕಾಲದಲ್ಲಿ ಬಂತು. ಚಿಕ್ಕದಾಗಿ ಕಂಡರೂ ಇದು ತುಟ್ಟಿಭತ್ಯೆಯ ಲೆಕ್ಕಕ್ಕೂ ಪಿಂಚಣಿಯ ಲೆಕ್ಕಕ್ಕೂ ಸೇರುವುದರಿಂದ ನಿವೃತ್ತಿಯ ನಂತರವೂ ಕೈಹಿಡಿಯುತ್ತದೆ. ಎಂಟನೇ ವೇತನ ಆಯೋಗ 2025ರ ನವೆಂಬರ್‌ನಲ್ಲಿ ನ್ಯಾಯಮೂರ್ತಿ ರಂಜನಾ ದೇಸಾಯಿ ಅವರ ಅಧ್ಯಕ್ಷತೆಯಲ್ಲಿ ರಚನೆಯಾಗಿದೆ. ವರದಿಗೆ 18 ತಿಂಗಳ ಅವಧಿ ಕೊಟ್ಟಿದ್ದಾರೆ. ಅಲ್ಲಿಯವರೆಗೆ ವಾಟ್ಸಾಪಿನಲ್ಲಿ ಓಡಾಡುವ ಹೊಸ ಸಂಬಳದ ಪಟ್ಟಿಗಳನ್ನು ನಂಬಿ ಸಾಲ ಮಾಡಬೇಡಿ.

ಇನ್ನು ಪಿಂಚಣಿ. ಜವಾನನಿಗೆ 15 ವರ್ಷ, ಅಧಿಕಾರಿಗೆ 20 ವರ್ಷ ಅರ್ಹ ಸೇವೆ ಆಗಿರಬೇಕು. ಕೊನೆಯ ಮೂಲ ವೇತನ ಮತ್ತು ಮಿಲಿಟರಿ ಸರ್ವಿಸ್ ಪೇ ಕೂಡಿಸಿ ಅರ್ಧ ಮಾಡಿದರೆ ಹೆಚ್ಚುಕಡಿಮೆ ಲೆಕ್ಕ ಸಿಗುತ್ತದೆ. 40,400 ಮೂಲ ವೇತನದಲ್ಲಿ ನಿವೃತ್ತನಾದ ಹವಾಲ್ದಾರನನ್ನು ತೆಗೆದುಕೊಳ್ಳಿ. 5,200 ಸೇರಿಸಿದರೆ 45,600, ಅರ್ಧ 22,800. ಇದರ ಮೇಲೆ ತುಟ್ಟಿಭತ್ಯೆ. ಪಿಂಚಣಿಯಲ್ಲಿ ಅರ್ಧದವರೆಗಿನ ಭಾಗವನ್ನು ಮುಂಗಡವಾಗಿ ಇಡುಗಂಟಾಗಿ ಪಡೆಯಬಹುದು, ಅದಕ್ಕೆ ಕಮ್ಯೂಟೇಶನ್ ಎನ್ನುತ್ತಾರೆ. ಆ ಭಾಗ 15 ವರ್ಷ ಕಡಿತವಾಗಿ ಆಮೇಲೆ ಮರಳುತ್ತದೆ. ಕಡಿತದ ಅವಧಿಯಲ್ಲೂ ತುಟ್ಟಿಭತ್ಯೆ ಪೂರ್ತಿ ಪಿಂಚಣಿಯ ಮೇಲೆಯೇ ಸಿಗಬೇಕು. ಎಷ್ಟೋ ಮನೆಗಳಿಗೆ ಇದು ಗೊತ್ತಿರುವುದಿಲ್ಲ. ಪಾಸ್‌ಬುಕ್ ಹಿಡಿದು ಒಮ್ಮೆ ತಾಳೆ ನೋಡಿ. 2004ರ ಜನವರಿಯ ನಂತರ ಕೇಂದ್ರದ ಸಿವಿಲ್ ನೌಕರರು ವಂತಿಗೆ ಆಧಾರಿತ ಎನ್‌ಪಿಎಸ್‌ಗೆ (ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ) ಹೋದಾಗಲೂ ಸೇನಾಪಡೆಗಳನ್ನು ಅದರಿಂದ ಹೊರಗಿಟ್ಟಿದ್ದರು.

ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಏಕ ಶ್ರೇಣಿ ಏಕ ಪಿಂಚಣಿಯ ಬಗ್ಗೆ. ಹಿಂದೆ 1995ರಲ್ಲಿ ನಿವೃತ್ತನಾದ ನಾಯಕ್‌ಗೂ 2013ರಲ್ಲಿ ನಿವೃತ್ತನಾದ ನಾಯಕ್‌ಗೂ ಪಿಂಚಣಿಯಲ್ಲಿ ಅಜಗಜಾಂತರ ಇತ್ತು. ದೆಹಲಿಯ ಜಂತರ್ ಮಂತರ್‌ನಲ್ಲಿ ಮಾಜಿ ಸೈನಿಕರು ಕೂತದ್ದು ಅದಕ್ಕೇ. 2015ರ ನವೆಂಬರ್ 7ರ ಆದೇಶ 2014ರ ಜುಲೈ 1ರಿಂದ ಅನ್ವಯವಾಯಿತು. ಅದೇ ಶ್ರೇಣಿಯಲ್ಲಿ ಅಷ್ಟೇ ವರ್ಷ ಸೇವೆ ಮಾಡಿ 2013ರಲ್ಲಿ ನಿವೃತ್ತರಾದವರ ಕನಿಷ್ಠ ಮತ್ತು ಗರಿಷ್ಠ ಪಿಂಚಣಿಯ ಸರಾಸರಿಯನ್ನು ಹಿಂದಿನವರಿಗೂ ಕೊಡುವುದು ಅದರ ಸೂತ್ರ. ಮರುಪರಿಶೀಲನೆ ಪ್ರತಿ ವರ್ಷವಲ್ಲ, ಐದು ವರ್ಷಕ್ಕೊಮ್ಮೆ. ಇದನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2022ರ ಮಾರ್ಚ್‌ನಲ್ಲಿ ಸರ್ಕಾರದ ಸೂತ್ರವನ್ನು ಎತ್ತಿಹಿಡಿದು, 2019ರ ಜುಲೈ 1ರಿಂದ ಪರಿಷ್ಕರಿಸಿ ಬಾಕಿ ಕೊಡಿ ಎಂದಿತು. ಮುಂದಿನ ಪರಿಷ್ಕರಣೆ 2024ರ ಜುಲೈ 1ರಿಂದ. ಒಂದು ಎಚ್ಚರಿಕೆ: 2014ರ ಜುಲೈ 1ರ ನಂತರ ಸ್ವಂತ ಕೋರಿಕೆಯ ಮೇಲೆ ಅವಧಿಗೆ ಮುಂಚೆ ಬಿಟ್ಟವರಿಗೆ ಇದು ಇಲ್ಲ ಎನ್ನುತ್ತದೆ ಸರ್ಕಾರಿ ಆದೇಶ. ಇದು ನ್ಯಾಯಮಂಡಳಿಯ ಮೆಟ್ಟಿಲನ್ನೂ ಏರಿದೆ.

ಪಿಂಚಣಿ ಈಗ ಸ್ಪರ್ಶ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಬರುತ್ತದೆ. ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಕೊಡದಿದ್ದರೆ ಹಣ ನಿಲ್ಲುತ್ತದೆ. ಸೈನ್ಯದ ದಾಖಲೆಯಲ್ಲಿರುವ ಹೆಂಡತಿಯ ಹೆಸರು, ಹುಟ್ಟಿದ ತಾರೀಖು ಆಧಾರ್‌ಗೆ ಹೊಂದುತ್ತದೆಯೇ ಎಂದು ಯಜಮಾನ ಬದುಕಿರುವಾಗಲೇ ನೋಡಿ ಸರಿಪಡಿಸಿಕೊಳ್ಳಬೇಕು. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ಇದಕ್ಕೆ ನೆರವು ಸಿಗುತ್ತದೆ.

ಅಗ್ನಿವೀರನಾದ ಮಗನ ಲೆಕ್ಕ ಇದಾವುದಕ್ಕೂ ಸೇರದು. 2022ರ ಜೂನ್ 14ರಂದು ಘೋಷಣೆಯಾದ ಅಗ್ನಿಪಥದಲ್ಲಿ ಸೇವೆ ನಾಲ್ಕು ವರ್ಷ. ತಿಂಗಳ ಮೊತ್ತ ಮೊದಲ ವರ್ಷ 30,000, ನಾಲ್ಕನೆಯ ವರ್ಷ 40,000. ಇದರಲ್ಲಿ ಶೇ 30 ಸೇವಾ ನಿಧಿಗೆ ಹೋಗುತ್ತದೆ, ಹಾಗಾಗಿ ಮೊದಲ ವರ್ಷ ಕೈಗೆ ಬರುವುದು 21,000, ಕೊನೆಯ ವರ್ಷ 28,000. ತುಟ್ಟಿಭತ್ಯೆಯಾಗಲಿ ಮಿಲಿಟರಿ ಸರ್ವಿಸ್ ಪೇ ಆಗಲಿ ಇಲ್ಲ. ಹುಡುಗ ಕಟ್ಟಿದ 5.02 ಲಕ್ಷಕ್ಕೆ ಸರ್ಕಾರ ಅಷ್ಟೇ ಸೇರಿಸಿ, ಬಡ್ಡಿ ಕೂಡಿ ಸುಮಾರು 11.71 ಲಕ್ಷ ರೂಪಾಯಿ ತೆರಿಗೆಯಿಲ್ಲದೆ ಕೈಗೆ ಬರುತ್ತದೆ. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಶೇ 25ರವರೆಗಿನವರು ಮಾತ್ರ ಕಾಯಂ ಆಗುತ್ತಾರೆ. ಇಷ್ಟೂ ಹಣವನ್ನು ಶೇ 7ರ ಠೇವಣಿಯಲ್ಲಿಟ್ಟರೆ ತಿಂಗಳಿಗೆ 6,800 ರೂಪಾಯಿ ಆಸುಪಾಸು ಬಡ್ಡಿ ಬರುತ್ತದೆ. ಅಪ್ಪನ 22,800ರ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ.

ಸೇವೆಯಲ್ಲಿರುವಾಗ ಮಡಿದರೆ ಅಗ್ನಿವೀರನಿಗೆ 48 ಲಕ್ಷದ ವಿಮೆಯಿದೆ. ಸೇವೆಯ ಕಾರಣಕ್ಕೆ ಮಡಿದರೆ ಇನ್ನೂ 44 ಲಕ್ಷ ಪರಿಹಾರ ಸೇರುತ್ತದೆ. ಆದರೆ ಕಾಯಂ ಸೈನಿಕ ಯುದ್ಧದಲ್ಲಿ ಮಡಿದರೆ ಕೊನೆಯ ವೇತನದಷ್ಟೇ ಪೂರ್ತಿ ಮೊತ್ತದ ಉದಾರೀಕೃತ ಕುಟುಂಬ ಪಿಂಚಣಿ ಮನೆಯವರಿಗೆ ಬರುತ್ತದೆ, ಅದು ಅಗ್ನಿವೀರನ ಮನೆಯವರಿಗಿಲ್ಲ. ಒಂದೇ ಬಂಕರಿನಲ್ಲಿ ಒಂದೇ ಗುಂಡಿಗೆ ಎದೆಯೊಡ್ಡಿದ ಇಬ್ಬರ ಮನೆಗಳಿಗೆ ಎರಡು ಬಗೆಯ ನಾಳೆ ಎಂಬುದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ನಾಲ್ಕು ವರ್ಷದ ಸೇವೆಗೆ ಪೂರ್ತಿ ಪಿಂಚಣಿ ಕೊಡುವುದು ಕಷ್ಟ ಎಂಬ ವಾದವನ್ನು ಒಪ್ಪಬಹುದು, ಆದರೆ ಕರ್ತವ್ಯದಲ್ಲಿ ಮಡಿದವನ ತಾಯಿಯ ವಿಷಯದಲ್ಲಿ ಆ ವಾದ ನಿಲ್ಲದು.

ಇನ್ನು ಕೋವಿಯ ಮಾತು. ಪಲ್ಟನಿನ ಆಯುಧ ಸರ್ಕಾರದ್ದು, ಮನೆಗೆ ಬರುವುದಿಲ್ಲ. ಸ್ವಂತದ್ದು ಬೇಕೆಂದರೆ ಸೈನಿಕನಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸು ಬೇಕು. 2019ರ ಡಿಸೆಂಬರ್‌ನ ತಿದ್ದುಪಡಿ ಎರಡು ಬದಲಾವಣೆ ತಂದಿತು. ಒಬ್ಬರ ಬಳಿ ಮೂರರ ಬದಲು ಎರಡೇ ಬಂದೂಕು ಇರಬೇಕು, ಲೈಸೆನ್ಸಿನ ಅವಧಿ ಮೂರರ ಬದಲು ಐದು ವರ್ಷ. ಹೆಚ್ಚಿನದನ್ನು ಠಾಣೆಗೋ ಪರವಾನಗಿ ಇರುವ ವ್ಯಾಪಾರಿಗೋ ಒಪ್ಪಿಸಬೇಕಿತ್ತು. ಸೇವೆಯಲ್ಲಿರುವ ಸೈನಿಕ ತನ್ನ ಘಟಕದ ಶಸ್ತ್ರಾಗಾರದಲ್ಲೂ ಇಡಬಹುದು. ಮಾಜಿ ಸೈನಿಕರಿಗೆ ಇದು ಬರೀ ಹವ್ಯಾಸದ ವಿಷಯವಲ್ಲ. ಬ್ಯಾಂಕ್, ಎಟಿಎಂ ವಾಹನಗಳಲ್ಲಿ ಗನ್‌ಮ್ಯಾನ್ ಕೆಲಸಕ್ಕೆ ಹೋಗುವ ಎಷ್ಟೋ ಮಂದಿಗೆ ಸ್ವಂತ ಲೈಸೆನ್ಸು, ಸ್ವಂತ ಹನ್ನೆರಡು ಬೋರಿನ ಬಂದೂಕೇ ಅರ್ಹತೆ. ನವೀಕರಣ ತಪ್ಪಿದರೆ ಕೆಲಸವೂ ತಪ್ಪುತ್ತದೆ.

ಕೊಡಗಿನ ಕಥೆ ಬೇರೆ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸುವ ನಾಡು ಅದು. ಕೇಂದ್ರ ಸರ್ಕಾರ 2019ರ ಅಕ್ಟೋಬರ್‌ನಲ್ಲಿ ವಿನಾಯಿತಿಯನ್ನು ಮುಂದುವರಿಸುತ್ತಾ ಮೊದಲ ಬಾರಿಗೆ ಕಾಲಮಿತಿ ಹಾಕಿತು: 2029ರ ಅಕ್ಟೋಬರ್ 31. ಒಬ್ಬ ನಿವೃತ್ತ ಸೇನಾ ಕ್ಯಾಪ್ಟನ್ ಇದನ್ನು ಪ್ರಶ್ನಿಸಿದಾಗ ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ಅರ್ಜಿ ವಜಾ ಮಾಡಿತು. ವಿನಾಯಿತಿ ಪತ್ರ ಕೈಯಲ್ಲಿಲ್ಲದೆ ಕೋವಿ ಹಿಡಿದು ಜಿಲ್ಲೆಯ ಗಡಿ ದಾಟಬೇಡಿ. ಹೊರಗೆ ಒಯ್ಯುವ ಬಂದೂಕು, ಗುಂಡುಗಳಿಗೂ ಮಿತಿಯಿದೆ.

ಯಜಮಾನ ತೀರಿಕೊಂಡಾಗ ಮನೆಯವರು ಮರೆಯುವುದು ಕೋವಿಯನ್ನೇ. ಲೈಸೆನ್ಸು ಸತ್ತವರ ಹೆಸರಿನದು. ಬಂದೂಕು ಗೋಡೆಯ ಮೇಲೆಯೇ ಉಳಿದರೆ ಅದು ಅಕ್ರಮವಾಗುತ್ತದೆ. ಮೊದಲು ಠಾಣೆಗೋ ವ್ಯಾಪಾರಿಗೋ ಒಪ್ಪಿಸಿ ರಸೀದಿ ಪಡೆಯಿರಿ, ಆಮೇಲೆ 2016ರ ಶಸ್ತ್ರಾಸ್ತ್ರ ನಿಯಮಗಳಡಿ ವಾರಸುದಾರರ ಹೆಸರಿಗೆ ಅರ್ಜಿ ಹಾಕಿ. ಇದಕ್ಕೆ ಸಾವಿನವರೆಗೆ ಕಾಯಲೇಬೇಕೆಂದಿಲ್ಲ. ಯಜಮಾನನಿಗೆ 70 ತುಂಬಿದ್ದರೆ, ಇಲ್ಲವೇ ಬಂದೂಕು ಅವರ ಬಳಿ 25 ವರ್ಷ ಇದ್ದರೆ, ಅವರು ಬದುಕಿರುವಾಗಲೇ ಅದನ್ನು ಮಗನ ಅಥವಾ ಮಗಳ ಹೆಸರಿಗೆ ಮಾಡಿಸಲು ಅರ್ಜಿ ಕೊಡಬಹುದು.