ಬೆನ್ನಿಗೆ ಬೆಟ್ಟ, ಎದುರಿಗೆ ನೀರು



ಅಡಿಕೆ ಧಾರಣೆ, ಗೊಬ್ಬರದ ದಾಸ್ತಾನು, ಸಾಲದ ಕಂತು ಇವುಗಳ ವಿಚಾರ ಎಂದಿನಂತೆ ಬೇರೆ ಪುಟಗಳಲ್ಲಿದೆ. ಈ ಪುಟದಲ್ಲಿ ಬೆಟ್ಟ ಹತ್ತುವ ಮಾತು. ಕಾರ್ಯದರ್ಶಿಗೆ ಬೇರೆ ಕೆಲಸವಿಲ್ಲವೇ ಎಂದು ಕೇಳುವವರು ಕಡೆಯವರೆಗೆ ಓದಿ ಆಮೇಲೆ ಕೇಳಬೇಕೆಂದು ವಿನಂತಿ.

ನನ್ನ ಮಗಳು, ಅಳಿಯ ಉದ್ಯೋಗದ ನಿಮಿತ್ತ ಜಪಾನಿನ ಕೋಬೆ ನಗರದಲ್ಲಿದ್ದಾರೆ. ಕೊಯ್ಲು, ಸುಲಿತವೆಲ್ಲ ಮುಗಿದ ಮೇಲೆ ಏಪ್ರಿಲ್ ತಿಂಗಳಲ್ಲಿ ಮೂರು ವಾರ ಅಲ್ಲಿದ್ದು ಬಂದೆ. ಸುಮಾರು 15 ಲಕ್ಷ ಜನರಿರುವ ದೊಡ್ಡ ಬಂದರು ಅದು. ಉತ್ತರಕ್ಕೆ ರೊಕ್ಕೊ ಬೆಟ್ಟಸಾಲು, ದಕ್ಷಿಣಕ್ಕೆ ಒಸಾಕ ಕೊಲ್ಲಿ. ನಡುವಿನ ಕಿರಿದಾದ ಪಟ್ಟಿಯಲ್ಲಿ ಊರು. ಅಲ್ಲಿನ ಜನ ದಾರಿ ಹೇಳುವಾಗ ಉತ್ತರ, ದಕ್ಷಿಣ ಎನ್ನುವುದು ಕಡಿಮೆ. 'ಬೆಟ್ಟದ ಕಡೆ', 'ಕಡಲ ಕಡೆ' ಎನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ಬೆಟ್ಟದ ಕಡೆ, ಕೆರೆ ಕಡೆ ಎನ್ನುವುದಿಲ್ಲವೇ, ಹಾಗೆಯೇ. ಅದನ್ನು ಕೇಳಿದ ದಿನದಿಂದ ಆ ಊರು ನನಗೆ ಪರಸ್ಥಳ ಎನಿಸಲಿಲ್ಲ.

ಕಾಫಿ ಬೆಳೆಯುವ ಸದಸ್ಯರಿಗೂ ಅದು ಗೊತ್ತಿರಬೇಕಾದ ಊರು. ಜಪಾನಿನ ಹೆಸರಾಂತ ಯುಸಿಸಿ ಕಾಫಿ ಕಂಪನಿ 1933ರಲ್ಲಿ ಹುಟ್ಟಿದ್ದು ಅಲ್ಲೇ. 1987ರಲ್ಲಿ ಕಾಫಿಗೆಂದೇ ಒಂದು ವಸ್ತುಸಂಗ್ರಹಾಲಯವನ್ನು ಆ ಕಂಪನಿ ತೆರೆಯಿತು. ಆದರೆ ನನ್ನ ಮನಸ್ಸಿನಲ್ಲಿ ನಿಂತದ್ದು ಬಂದರಲ್ಲ, ಕಾಫಿಯೂ ಅಲ್ಲ. ಬೆಟ್ಟ.

ಊರಿನ ದೊಡ್ಡ ರೈಲು ನಿಲ್ದಾಣದ ಹಿಂಬದಿಯಿಂದ ಕಾಲು ಗಂಟೆ ನಡೆದರೆ ನುನೊಬಿಕಿ ಜಲಪಾತ. 43 ಮೀಟರ್ ಎತ್ತರದಿಂದ ನೀರು ಧುಮುಕುತ್ತದೆ. ಇನ್ನೂ ಮೇಲೆ ಹತ್ತಿದರೆ 1900ರಲ್ಲಿ ಕಟ್ಟಿದ ಕಲ್ಲು ಕಾಂಕ್ರೀಟಿನ ಅಣೆಕಟ್ಟು ಮತ್ತು ಜಲಾಶಯ. ಬಂದರಿಗೆ ಬಂದ ಹಡಗುಗಳು ಈ ಬೆಟ್ಟದ ನೀರನ್ನು ತುಂಬಿಕೊಂಡು ಹೋಗುತ್ತಿದ್ದವು. ಭೂಮಧ್ಯರೇಖೆ ದಾಟಿದರೂ ಕೋಬೆಯ ನೀರು ಕೆಡುವುದಿಲ್ಲ ಎಂಬ ಮಾತು ನಾವಿಕರಲ್ಲಿ ಇತ್ತಂತೆ.

ಆ ಊರಿನಲ್ಲಿ ಇನ್ನೊಂದು ರೂಢಿ ಇದೆ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಬೆಟ್ಟ ಹತ್ತಿ ಇಳಿಯುವುದು. ನೂರು ವರ್ಷಕ್ಕೂ ಹಿಂದೆ ಅಲ್ಲಿ ನೆಲಸಿದ್ದ ವಿದೇಶಿ ವರ್ತಕರು ಫುತತಾಬಿ ಎಂಬ ಬೆಟ್ಟ ಹತ್ತಲು ಶುರುಮಾಡಿದರು. ಊರವರು ಅದನ್ನು ತಮ್ಮದಾಗಿ ಮಾಡಿಕೊಂಡರು. ಹತ್ತಿದವರು ಮೇಲೆ ಇಟ್ಟಿರುವ ಪುಸ್ತಕದಲ್ಲಿ ರುಜು ಹಾಕುತ್ತಾರೆ. ಸಾವಿರಾರು ರುಜು ಹಾಕಿದ ಹಿರಿಯರಿದ್ದಾರೆ. ಅಂಥ ಒಬ್ಬ ಮುದುಕರು ಮಗಳ ಮುಖಾಂತರ ನನ್ನನ್ನು ಮಾತನಾಡಿಸಿದರು. "ನಿಮ್ಮ ಊರಿನಲ್ಲೂ ಬೆಟ್ಟ ಇದೆಯೇ?" ಎಂದರು. ಇದೆ, ಒಂದೇ ಬಂಡೆಯ ಬೆಟ್ಟ, ನಿಮ್ಮದಕ್ಕಿಂತ ಎತ್ತರ ಎಂದು ಹೆಮ್ಮೆಯಿಂದ ಹೇಳಿದೆ. "ವಾರಕ್ಕೆ ಎಷ್ಟು ದಿನ ಹತ್ತುತ್ತೀರಿ?" ಎಂದು ಕೇಳಿದರು. ಮಗಳು ನನ್ನ ಮುಖ ನೋಡಿ, "ಏನು ಹೇಳಲಿ ಅಪ್ಪಾ?" ಎಂದಳು. ಮಧುಗಿರಿ ಬೆಟ್ಟವನ್ನು ನಾನು ಕಡೆಯ ಸಲ ಹತ್ತಿದ್ದು ಹೈಸ್ಕೂಲಿನಲ್ಲಿದ್ದಾಗ.

ಅಷ್ಟು ಹಸಿರಾಗಿರುವ ಆ ಬೆಟ್ಟ ಹಿಂದೆ ಬೋಳಾಗಿತ್ತು ಎಂದರೆ ನಂಬುವುದು ಕಷ್ಟ. ಸೌದೆಗಾಗಿ ಕಡಿದು ಕಡಿದು ಬರಿಯ ಮಣ್ಣು, ಬಂಡೆ ಉಳಿದಿತ್ತು. ಮಕಿನೊ ತೊಮಿತಾರೊ ಎಂಬ ಪ್ರಸಿದ್ಧ ಸಸ್ಯಶಾಸ್ತ್ರಜ್ಞರು 1881ರಲ್ಲಿ ಹಡಗಿನಿಂದ ನೋಡಿ, ಬೆಟ್ಟದ ಮೇಲೆ ಹಿಮ ಬಿದ್ದಿದೆ ಎಂದುಕೊಂಡರಂತೆ. ಮಳೆ ಬಂದರೆ ಮಣ್ಣೆಲ್ಲ ಕೆಳಕ್ಕೆ. ಕುಡಿಯುವ ನೀರಿನ ಮೂಲವೇ ಹಾಳಾಗುತ್ತದೆಂದು ಕಂಡು, 1902ರಲ್ಲಿ ಗಿಡ ನೆಡಲು ಆರಂಭಿಸಿದರು. ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಮಣ್ಣು ನಿಲ್ಲಿಸಿ ನೆಟ್ಟರು. ಆದರೂ 1938ರ ಜುಲೈ ತಿಂಗಳ ಮಹಾಮಳೆಯಲ್ಲಿ ಬೆಟ್ಟ ಕುಸಿದು, ಹಳ್ಳಗಳು ಊರಿಗೆ ನುಗ್ಗಿ 600ಕ್ಕೂ ಹೆಚ್ಚು ಜನ ಸತ್ತರು. ಜನ ಕೈ ಚೆಲ್ಲಿ ಕೂರಲಿಲ್ಲ. ಮರುವರ್ಷವೇ ಸರ್ಕಾರ ಬೆಟ್ಟದ ಮಣ್ಣು ಕಾಯುವ ಕಚೇರಿಯನ್ನು ತೆರೆಯಿತು. ನೂರಿಪ್ಪತ್ತು ವರ್ಷದ ಆ ದುಡಿಮೆಯ ನೆರಳಿನಲ್ಲಿ ನಾನು ನಡೆದು ಬಂದೆ.

ರೊಕ್ಕೊ ಬೆಟ್ಟ ಗ್ರಾನೈಟ್ ಕಲ್ಲಿನದು. ಜಪಾನಿ ಭಾಷೆಯಲ್ಲಿ ಗ್ರಾನೈಟಿನ ವಾಡಿಕೆಯ ಹೆಸರೇ ಕೋಬೆಯ ಮಿಕಾಗೆ ಎಂಬ ಜಾಗದಿಂದ ಬಂದದ್ದು. ನಮ್ಮ ಬೆಟ್ಟಗಳೂ ಗ್ರಾನೈಟೇ. ರಾಮನಗರದ ಕಡೆಯಿಂದ ಹೊರಟು ನಮ್ಮ ಸೀಮೆಯನ್ನು ಹಾದು ಉತ್ತರಕ್ಕೆ ಹೋಗುವ ಕಲ್ಲಿನ ಪಟ್ಟಿಗೆ, ರಾಮನಗರದ ಹಳೆಯ ಹೆಸರಿನಿಂದ, ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ರೊಕ್ಕೊದ ತುದಿ ಸಮುದ್ರಮಟ್ಟದಿಂದ 931 ಮೀಟರ್, ಅಂದರೆ ಸುಮಾರು 3,050 ಅಡಿ. ಮಧುಗಿರಿ ಬೆಟ್ಟದ ತುದಿ ಸುಮಾರು 3,900 ಅಡಿ. ಮಳೆಯಲ್ಲಿ ಮಾತ್ರ ನಾವು ಬಡವರು. ಅವರಿಗೆ ವರ್ಷಕ್ಕೆ ಸುಮಾರು 1,300 ಮಿ.ಮೀ. ನಮಗೆ ಅದರ ಅರ್ಧದ ಲೆಕ್ಕ. ಹಾಗಾದರೆ ಬೆಟ್ಟದ ಮೇಲೆ ಬಿದ್ದ ಹನಿಯನ್ನು ಹಿಡಿದಿಡುವ ಅಗತ್ಯ ಯಾರಿಗೆ ಹೆಚ್ಚು?

ನಮಗೆ ಕಡಲಿಲ್ಲ. ಆದರೆ ನೋಡಿ ಸಂತೋಷಪಡಲು ಏನು ಕಡಿಮೆ? ಮಧುಗಿರಿಯ ಕೋಟೆ ಬಾಗಿಲುಗಳನ್ನು ದಾಟಿ ಮೇಲೆ ನಿಂತರೆ ಸುತ್ತಲ ಬೆಟ್ಟಗುಡ್ಡಗಳು, ಕೆರೆಗಳು, ತೋಟದ ಪಟ್ಟೆಗಳು ಒಟ್ಟಿಗೇ ಕಾಣುತ್ತವೆ. ಕೊರಟಗೆರೆಯ ಸಿದ್ಧರಬೆಟ್ಟದಲ್ಲಿ ಗುಹೆಯೊಳಗಿನ ತಣ್ಣನೆಯ ನೀರು, ಔಷಧಿಯ ಗಿಡಮೂಲಿಕೆ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆಮರಗಳ ಮೇಲೆಯೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಊರವರು ಅವನ್ನು ಓಡಿಸುವುದಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳಿಗಾಗಿ 798 ಎಕರೆ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಹೆಸರಿನಲ್ಲಿ ಮೀಸಲಿಟ್ಟಿದ್ದಾರೆ. ಪಾವಗಡದವರಿಗೆ ಮನೆ ಬಾಗಿಲಲ್ಲೇ ಕೋಟೆಯ ಬೆಟ್ಟ. ಇವನ್ನೆಲ್ಲ ಬೆಂಗಳೂರಿನವರು ಬಂದು ನೋಡಿ ಹೋಗುತ್ತಾರೆ. ನಾವು ಬಸ್ಸಿನ ಕಿಟಕಿಯಿಂದ ನೋಡುತ್ತೇವೆ.

ನೋಡದಿದ್ದರೆ ನಷ್ಟವೇನು? ಇಲ್ಲಿದೆ ನಮ್ಮ ತೋಟದ ವಿಚಾರ. ನಮ್ಮ ನಾಲ್ಕೂ ತಾಲ್ಲೂಕುಗಳ ಹಿರಿಯರಿಗೆ ತಲಪರಿಗೆ ಎಂದರೆ ವಿವರಿಸಬೇಕಾಗಿಲ್ಲ. ಹಳ್ಳದ ಮರಳಿನಲ್ಲಿ, ಕೆರೆಯ ಅಂಗಳದಲ್ಲಿ ತಾನಾಗಿ ಜಿನುಗುವ ಊಟೆ. ಅದರಿಂದ ಕಾಲುವೆ ತೆಗೆದು ತೋಟಕ್ಕೆ, ಗದ್ದೆಗೆ ನೀರು ಹರಿಸುತ್ತಿದ್ದರು. ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಹೂಳೆತ್ತಿ ಗಂಗಮ್ಮನ ಪೂಜೆ ಮಾಡುತ್ತಿದ್ದರು. ನೀರುಗಂಟಿ ಸರದಿಯ ಮೇಲೆ ನೀರು ಬಿಡುತ್ತಿದ್ದ. ಕರೆಂಟಿನ ಖರ್ಚಿಲ್ಲ. ಬೆಟ್ಟದ ಮಣ್ಣು ಕುಡಿದ ಮಳೆಯನ್ನು ಮರಳು ನಿಧಾನವಾಗಿ ತೋಟಕ್ಕೆ ಕೊಡುತ್ತಿತ್ತು. ಕೊಳವೆಬಾವಿಗಳು ಬಂದವು, ಮರಳು ಲಾರಿ ಹತ್ತಿತು, ಬೆಟ್ಟ ಬೋಳಾಯಿತು, ಬಹುಪಾಲು ತಲಪರಿಗೆಗಳು ಬತ್ತಿದವು. ನನ್ನ ತೋಟದ ಮೂರನೆಯ ಕೊಳವೆಬಾವಿ ಸಾವಿರ ಅಡಿಗೂ ಧೂಳನ್ನೇ ಕಕ್ಕಿತು. ಅದೇ ತೋಟಕ್ಕೆ ನಮ್ಮ ತಂದೆಯವರು ಗುದ್ದಲಿಯಲ್ಲಿ ಕಾಲುವೆ ತಿದ್ದಿ ನೀರು ಕಟ್ಟುತ್ತಿದ್ದುದನ್ನು ನಾನು ಕಂಡಿದ್ದೇನೆ.

ಇನ್ನೊಂದು ಮಾತನ್ನು ಸಂಕೋಚದಿಂದ ಬರೆಯುತ್ತಿದ್ದೇನೆ. ಶಿವರಾತ್ರಿ ಸುಮಾರಿಗೆ ನಮ್ಮ ಬೆಟ್ಟಗಳಲ್ಲಿ ಬೆಂಕಿ ಕಾಣುವುದು ಎಲ್ಲರಿಗೂ ಗೊತ್ತು. ಸುಟ್ಟರೆ ಒಳ್ಳೆಯ ಹುಲ್ಲು ಚಿಗುರುತ್ತದೆ ಎಂಬ ನಂಬಿಕೆ ಹಳೆಯದು. ಹುಡುಗನಾಗಿದ್ದಾಗ ದನ ಕಾಯುವವರ ಜೊತೆ ಸೇರಿ ನಾನೂ ಕಡ್ಡಿ ಗೀರಿದ್ದೇನೆ. ರಾತ್ರಿ ಬೆಟ್ಟಕ್ಕೆ ಹಾರ ಹಾಕಿದಂತೆ ಬೆಂಕಿ ಕಂಡು ಕುಣಿದಿದ್ದೇನೆ. ಮುಂಗಾರಿನ ಮೊದಲ ಮಳೆಗೆ ಆ ಬೂದಿಯೂ ಮೇಲ್ಮಣ್ಣೂ ಕೆರೆಯ ಹೂಳಾಗುತ್ತದೆ ಎಂದು ಆಗ ತಿಳಿದಿರಲಿಲ್ಲ. ಈಗ ತಿಳಿದಿದೆ.

ಬೆಟ್ಟವನ್ನು ದಿನವೂ ಹತ್ತುವ ಊರಿನಲ್ಲಿ ಬೆಟ್ಟಕ್ಕೆ ಬೆಂಕಿ ಬಿದ್ದರೆ ಹತ್ತು ಜನ ಓಡುತ್ತಾರೆ. ಯಾರೂ ಹತ್ತದ ಬೆಟ್ಟ ಉರಿದರೆ ಕೇಳುವವರಿಲ್ಲ. ನಾನು ಕೋಬೆಯಿಂದ ತಂದ ಪಾಠ ಇಷ್ಟೇ. ಮೊದಲು ಬೆಟ್ಟದ ಮೇಲೆ ಕಾಲಿಡೋಣ, ಕಾಪಾಡುವ ಬುದ್ಧಿ ತಾನಾಗಿ ಬರುತ್ತದೆ.

ಆದ್ದರಿಂದ ಸಂಘದ ಮುಂದಿನ ಸಭೆಯಲ್ಲಿ ಮೂರು ಸಲಹೆಗಳನ್ನು ಇಡಲಿದ್ದೇನೆ. ತಿಂಗಳ ಮೊದಲ ಭಾನುವಾರ ಹತ್ತಿರದ ಒಂದು ಬೆಟ್ಟಕ್ಕೆ ಸದಸ್ಯರು ಮಕ್ಕಳೊಂದಿಗೆ ಹೋಗಿಬರುವುದು. ಸಂಕ್ರಾಂತಿಯ ಹೊತ್ತಿಗೆ ಅರಣ್ಯ ಇಲಾಖೆಯವರನ್ನು ಕೇಳಿಕೊಂಡು ಬೆಂಕಿ ತಡೆಯುವ ಗೆರೆ ಕಡಿಯಲು ಆಳಿಗೊಂದು ದಿನ ಕೊಡುವುದು. ಮುಂಗಾರಿಗೆ ಮುನ್ನ ಊರಿಗೊಂದು ತಲಪರಿಗೆಯ ಹೂಳೆತ್ತುವುದು. 2022ರ ಮಳೆಗಾಲದಲ್ಲಿ ಜಯಮಂಗಲಿ ತುಂಬಿ ಹರಿದದ್ದನ್ನು ಎಲ್ಲರೂ ಕಂಡಿದ್ದೇವೆ. ಅಂಥ ಮಳೆ ಮತ್ತೆ ಬಂದಾಗ ಒಂದಿಷ್ಟಾದರೂ ನಮ್ಮ ಮರಳಿನಲ್ಲಿ ಉಳಿಯಬೇಕು.

ಮೊದಲ ಸಲ ಮಧುಗಿರಿ ಬೆಟ್ಟಕ್ಕೆ. ಸೂರ್ಯ ಹುಟ್ಟುವ ಮುಂಚೆ ಬುಡದಲ್ಲಿ ಸೇರೋಣ. ತುದಿಯ ಹತ್ತಿರ ಬಂಡೆ ಕಡಿದಾಗಿದೆ, ಮಳೆ ಬಂದ ದಿನ ಹತ್ತುವುದು ಬೇಡ. ವಯಸ್ಸಾದವರು ಮೊದಲ ಬಾಗಿಲವರೆಗೆ ಬಂದರೂ ಸಾಕು. ಕುಡಿಯುವ ನೀರು ಅವರವರೇ ತರತಕ್ಕದ್ದು, ಬೀಡಿ ಬೆಂಕಿಪೊಟ್ಟಣ ಮನೆಯಲ್ಲೇ ಬಿಟ್ಟು ಬರತಕ್ಕದ್ದು. ರುಜು ಹಾಕಲು ಸಂಘದ ವತಿಯಿಂದ ಒಂದು ಪುಸ್ತಕ ನಾನು ತರುತ್ತೇನೆ.