ಅಡ್ವೊಕೇಟ್ ಜನರಲ್ ಯಾರ ವಕೀಲರು?



ಕನ್ನಡ ಶಾಲೆ, ಸಮಾಜದ ಛತ್ರದ ಆಸ್ತಿ ಮುಂತಾದ ವಿಷಯಗಳಲ್ಲಿ ಚೆನ್ನೈನ ಅಡ್ವೊಕೇಟ್ ಜನರಲ್ ಅವರಿಗೆ ಅರ್ಜಿ ಹಾಕಬಹುದೇ ಎಂದು ಸದಸ್ಯರು ಕೇಳುವುದುಂಟು. ಅಮೆರಿಕದಲ್ಲಿ ಜನ ಹಾಗೆ ದೂರು ಕೊಡುತ್ತಾರೆಂದು ಅಲ್ಲಿರುವ ಮಕ್ಕಳು ಹೇಳಿರುತ್ತಾರೆ. ನಿಜ, ಅಲ್ಲಿನ 50 ರಾಜ್ಯಗಳ ಪೈಕಿ 43ರಲ್ಲಿ ಅಟಾರ್ನಿ ಜನರಲ್‌ರನ್ನು ಜನರೇ ಮತ ಹಾಕಿ ಆರಿಸುತ್ತಾರೆ. ನಮ್ಮಲ್ಲಿ ಆ ಹುದ್ದೆಗೆ ಚುನಾವಣೆ ಇಲ್ಲ.

ಸಂವಿಧಾನದ 165ನೇ ವಿಧಿಯಂತೆ ಅಡ್ವೊಕೇಟ್ ಜನರಲ್‌ರನ್ನು ರಾಜ್ಯಪಾಲರು ನೇಮಿಸುತ್ತಾರೆ. ಆಯ್ಕೆ ಮಾಡುವುದು ಸರ್ಕಾರ. ಹೈಕೋರ್ಟ್ ನ್ಯಾಯಾಧೀಶರಾಗುವ ಅರ್ಹತೆ ಅವರಿಗಿರಬೇಕು. ನಿಗದಿತ ಅವಧಿ ಇಲ್ಲ. ಸರ್ಕಾರ ಬದಲಾದರೆ ರಾಜೀನಾಮೆ ಕೊಡುವುದು ವಾಡಿಕೆ. 2021ರಲ್ಲಿ ತಮಿಳುನಾಡಿನಲ್ಲಿ ವಿಜಯ್ ನಾರಾಯಣ್ ಹೋಗಿ ಆರ್. ಷಣ್ಮುಗಸುಂದರಂ ಬಂದರು. 2023ರಲ್ಲಿ ಕರ್ನಾಟಕದಲ್ಲಿ ಪ್ರಭುಲಿಂಗ ನಾವದಗಿ ಅವರ ಸ್ಥಾನಕ್ಕೆ ಶಶಿಕಿರಣ್ ಶೆಟ್ಟಿ ಬಂದರು. 177ನೇ ವಿಧಿಯಂತೆ ಅವರು ವಿಧಾನಸಭೆಯಲ್ಲಿ ಮಾತನಾಡಬಹುದು, ಮತ ಹಾಕುವಂತಿಲ್ಲ.

ತಮಿಳಿನಲ್ಲಿ ಇವರನ್ನು ‘ಅರಸು ತಲೈಮೈ ವಳಕ್ಕರಿಞರ್’ ಎನ್ನುತ್ತಾರೆ. ಹೆಸರೇ ಹೇಳುವಂತೆ ಅವರು ಸರ್ಕಾರದ ವಕೀಲರು. 2006ರ ತಮಿಳು ಕಲಿಕೆ ಕಾಯ್ದೆಯಂಥ ವಿಷಯದಲ್ಲಿ ಭಾಷಾ ಅಲ್ಪಸಂಖ್ಯಾತರು ಕೋರ್ಟಿಗೆ ಹೋದರೆ, ಅವರ ಕಚೇರಿ ವಾದಿಸುವುದು ಸರ್ಕಾರದ ಪರ. ಆದ್ದರಿಂದ ಶಾಲೆಯ ಅರ್ಜಿ ಅಲ್ಲಿಗೆ ಕಳಿಸಿ ಕಾಯುತ್ತಾ ಕೂತರೆ ವರ್ಷ ಕಳೆದೀತು, ಮಕ್ಕಳ ಪರೀಕ್ಷೆ ಕಾಯುವುದಿಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣಕ್ಕೆ 350ಎ ವಿಧಿಯ ಆಧಾರವಿದೆ. ಅದನ್ನು ಉಲ್ಲೇಖಿಸಿ ಶಿಕ್ಷಣಾಧಿಕಾರಿಗೆ, ಸೋಮವಾರದ ಕುಂದುಕೊರತೆ ದಿನ ಕಲೆಕ್ಟರಿಗೆ, ಜೊತೆಗೆ 350ಬಿ ವಿಧಿಯ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಅರ್ಜಿ ಕೊಡಿ. ಸ್ವೀಕೃತಿ ಪಡೆದು ಇಟ್ಟುಕೊಳ್ಳಿ. ಆಗಲೂ ಕೆಲಸವಾಗದಿದ್ದರೆ 226ನೇ ವಿಧಿಯಡಿ ರಿಟ್ ಅರ್ಜಿ. ಕೊಯಮತ್ತೂರು, ತಿರುಪ್ಪೂರು ಎರಡೂ ಜಿಲ್ಲೆಗಳಿಗೆ ಚೆನ್ನೈ ಹೈಕೋರ್ಟೇ.

ಛತ್ರ, ವಿದ್ಯಾರ್ಥಿವೇತನದ ನಿಧಿಯಂಥ ಸಾರ್ವಜನಿಕ ಧರ್ಮಾರ್ಥ ಟ್ರಸ್ಟುಗಳ ಮಾತು ಬೇರೆ. ಲೆಕ್ಕ ತೋರಿಸದ ಟ್ರಸ್ಟಿಯ ಮೇಲೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಸೆಕ್ಷನ್ ಅಡಿ ಅಡ್ವೊಕೇಟ್ ಜನರಲ್ ದಾವೆ ಹೂಡಬಹುದು. ಅಥವಾ ಆ ಟ್ರಸ್ಟಿನಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ಅಥವಾ ಹೆಚ್ಚು ಜನ ಕೋರ್ಟಿನ ಅನುಮತಿ ಪಡೆದು ಹೂಡಬಹುದು. ಹಿಂದೆ ಈ ಇಬ್ಬರಿಗೆ ಅಡ್ವೊಕೇಟ್ ಜನರಲ್‌ರ ಲಿಖಿತ ಒಪ್ಪಿಗೆ ಬೇಕಿತ್ತು. 1976ರ ತಿದ್ದುಪಡಿಯ ನಂತರ ಬೇಕಿಲ್ಲ. “ಚೆನ್ನೈನಿಂದ ಒಪ್ಪಿಗೆ ಬರಲಿ” ಎಂದು ಯಾರಾದರೂ ತಡೆದರೆ ಇದನ್ನು ತೋರಿಸಿ. ಹಿಂದೂ ದೇವಾಲಯಗಳಿಗೆ ಮಾತ್ರ 1959ರ ಪ್ರತ್ಯೇಕ ಕಾಯ್ದೆ ಇದೆ.

ಟ್ರಸ್ಟ್ ಪತ್ರ, ಲೆಕ್ಕಪತ್ರ, ಪಟ್ಟಾಗಳ ನಕಲು ಕೈಯಲ್ಲಿಟ್ಟುಕೊಂಡು ವಕೀಲರನ್ನು ಕಾಣಿ. ಕಾಗದ ಸರಿಯಿದ್ದರೆ ಅರ್ಧ ಕೆಲಸ ಆದಂತೆ.

– ಕಾರ್ಯದರ್ಶಿ