ಬಡಿದು ನೋಡಿದ ದೋಣಿ

ಭಾವ ಡೆಕ್ಕಿನ ಮೇಲೆ ಮಂಡಿಯೂರಿ ಕೂತು, ಪ್ಲಾಸ್ಟಿಕ್ ತಲೆಯ ಸಣ್ಣ ಸುತ್ತಿಗೆಯಿಂದ ಬಡಿಯುತ್ತಿದ್ದರು. ಎರಡು ಅಂಗುಲಕ್ಕೆ ಒಂದು ಪೆಟ್ಟು. ಟಕ್, ಟಕ್, ಟಕ್. ಹಾಯಿಕಂಬದ ಬುಡದಿಂದ ಎರಡು ಗೇಣು ಈಚೆ ಬರುತ್ತಿದ್ದಂತೆ ದನಿ ಬದಲಾಯಿತು. ದಬ್. ಹಲಸಿನಕಾಯಿ ಬಡಿದು ಬೆಳೆದಿದೆಯೋ ಇಲ್ಲವೋ ಹೇಳುವ ಮನೆಯಲ್ಲಿ ಹುಟ್ಟಿದವರಿಗೆ ಆ ಎರಡು ದನಿಗಳ ವ್ಯತ್ಯಾಸ ಯಾರೂ ಹೇಳಿಕೊಡಬೇಕಿಲ್ಲ. ಭಾವ ನೀಲಿ ಸೀಮೆಸುಣ್ಣದಿಂದ ಅಲ್ಲೊಂದು ಗೆರೆ ಎಳೆದರು. ಮಧ್ಯಾಹ್ನದ ಹೊತ್ತಿಗೆ ಗೆರೆಗಳೆಲ್ಲ ಕೂಡಿ, ಊಟದೆಲೆಯಷ್ಟು ದೊಡ್ಡ ಆಕಾರವೊಂದು ಬಿಳಿ ಡೆಕ್ಕಿನ ಮೇಲೆ ಮೂಡಿತ್ತು.

“ಇಷ್ಟೂ ಒಳಗೆ ಕೊಳೆತಿದೆ ಮಾರಾಯ,” ಅಂದರು.

ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಗರಕ್ಕೆ ಎದುರಾಗಿ, ನಡುವೆ ಸಪೂರ ಕಡಲ ಕಾಲುವೆಯೊಂದನ್ನು ಬಿಟ್ಟು ಮಲಗಿರುವ ದ್ವೀಪದೂರು ಅಲಮೇಡಾ. ಅಲ್ಲಿನ ದೋಣಿ ರಿಪೇರಿ ಅಂಗಳದಲ್ಲಿ ಮಾರ್ಚ್ ತಿಂಗಳ ತಣ್ಣನೆಯ ಬಿಸಿಲು. ನೀರಿನಲ್ಲಿರುವಾಗ ಹಗುರವಾಗಿ ಕಾಣುವ ದೋಣಿಗಳು ಇಲ್ಲಿ ಕಬ್ಬಿಣದ ಊರುಗೋಲುಗಳ ಮೇಲೆ ನಿಂತು, ಅಟ್ಟದ ಮನೆಗಳಷ್ಟು ಎತ್ತರ ಕಾಣುತ್ತವೆ. ಭಾವನ ದೋಣಿ 27 ಅಡಿ ಉದ್ದದ ಫೈಬರ್ ಗ್ಲಾಸ್ ಹಾಯಿದೋಣಿ, 1976ರಲ್ಲಿ ಅಚ್ಚಿನಿಂದ ಇಳಿದದ್ದು. ಹಿಂದಿನ ಶರತ್ಕಾಲದಲ್ಲಿ, ಒಂದು ಹಳೆಯ ಕಾರಿಗೆ ಕೊಡುವಷ್ಟು ದುಡ್ಡು ಕೊಟ್ಟು ಅವರು ಇದನ್ನು ಕೊಂಡಿದ್ದರು. ಅಂಗಳದ ಬಾಡಿಗೆ ದಿನದ ಲೆಕ್ಕ. ಹಾಗಾಗಿ ರಜೆ ಹಾಕಿ ಬಂದಿದ್ದ ನನ್ನ ಕೈಗೂ ಒಂದು ಮುಖವಸ್ತ್ರ, ಒಂದು ಜೊತೆ ಕೈಗವಸು ಬಂದವು.

ಫೈಬರ್ ಕೊಳೆಯುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅದು ಅರ್ಧ ನಿಜ. ಫೈಬರ್ ಕೊಳೆಯುವುದಿಲ್ಲ, ಆದರೆ ಇಂಥ ದೋಣಿಗಳ ಡೆಕ್ ಬರೀ ಫೈಬರ್ ಅಲ್ಲ. ಮೇಲೊಂದು ತೆಳು ಪದರ, ಕೆಳಗೊಂದು ತೆಳು ಪದರ, ನಡುವೆ ಬಾಲ್ಸಾ ಮರ ಅಥವಾ ಪ್ಲೈವುಡ್. ಹಗುರವೂ ಆಗಬೇಕು, ಕಾಲಿಟ್ಟರೆ ಬಗ್ಗಲೂಬಾರದು ಎಂದು ಮಾಡಿದ ಏರ್ಪಾಡು. ಎಂದೋ ಒಬ್ಬ ಮಾಲೀಕ ಹಗ್ಗ ಕಟ್ಟುವ ಕೊಂಡಿಯೊಂದನ್ನು ಕೂರಿಸಲು ನಾಲ್ಕು ತೂತು ಕೊರೆದ. ಸ್ಕ್ರೂ ಸುತ್ತ ತುಂಬಿದ ಅಂಟು ವರ್ಷಗಳು ಕಳೆದಂತೆ ಒಣಗಿ ಬಿರಿಯಿತು. ಅಲ್ಲಿಂದ ಮಳೆನೀರು ಹನಿಹನಿಯಾಗಿ ಇಳಿಯಿತು. ಒಳಹೋದ ನೀರಿಗೆ ಹೊರಬರುವ ದಾರಿಯಿಲ್ಲ.

ಭಾವ ಗೆರೆಯ ಗುಂಟ ಮೇಲಿನ ಪದರವನ್ನು ಕೊಯ್ದು, ದೋಸೆ ಎಬ್ಬಿಸುವ ಹಾಗೆ ಅಂಚಿನಿಂದ ಎಬ್ಬಿಸಿದರು. ಕೆಳಗಿದ್ದದ್ದು ಮರವಲ್ಲ. ಬಸಿದ ಕಾಫಿಯ ಚರಟದಂಥ ಕಪ್ಪು ಮುದ್ದೆ. ಬೆರಳಲ್ಲಿ ಹಿಂಡಿದರೆ ಕಂದು ನೀರು ಸೋರಿತು, ಹಳೇ ಬಾವಿಯ ವಾಸನೆ ಬಂತು. ಕೆರೆದು ಕೆರೆದು ಗಟ್ಟಿ ಮರ ಸಿಗುವವರೆಗೆ ಹೋಗಬೇಕು. ನೀಲಿ ಗೆರೆಯನ್ನೂ ದಾಟಿ ನಾವು ಒಂದು ಗೇಣು ಮುಂದೆ ಹೋದೆವು. ಆಮೇಲೆ ಫ್ಯಾನ್ ಇಟ್ಟು ಒಣಗಿಸಿದೆವು. ಇಲ್ಲಿ ಅವಸರ ಮಾಡಿದವನು ಒದ್ದೆಯನ್ನು ಒಳಗೇ ಬಚ್ಚಿಟ್ಟು ಮುಚ್ಚಿದಂತೆ.

ಹೊಸ ಬಾಲ್ಸಾ ತುಂಡುಗಳನ್ನು ಕೂರಿಸುವುದು ಎಪಾಕ್ಸಿಯಲ್ಲಿ. ರಾಳ, ಗಟ್ಟಿಕಾರಕ, ಎರಡನ್ನೂ ಅಳೆದು ಲೋಟದಲ್ಲಿ ಕಲಸಿ ನಾನು ಹಿಡಿದು ನಿಂತಿದ್ದೆ. ಲೋಟ ಬೆಚ್ಚಗಾಯಿತು, ಆಮೇಲೆ ಬಿಸಿಯಾಯಿತು. “ತಟ್ಟೆಗೆ ಸುರಿ, ತಟ್ಟೆಗೆ!” ಎಂದು ಭಾವ ಕೂಗಿದರು. ಎರಡೂ ಬೆರೆತಾಗ ಶಾಖ ಹುಟ್ಟುತ್ತದೆ. ಲೋಟದಲ್ಲಿ ಒಟ್ಟಾಗಿದ್ದರೆ ಆ ಶಾಖ ಹೊರಹೋಗದೆ ಇನ್ನಷ್ಟು ಬೇಗ ಗಟ್ಟಿಯಾಗಿ, ಕೊನೆಗೆ ಹೊಗೆಯಾಡುತ್ತದೆ. ಅಗಲ ತಟ್ಟೆಯಲ್ಲಿ ಹರಡಿದರೆ ಕೆಲಸಕ್ಕೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಬೇಯುವ ಹದ ಗೊತ್ತಿದ್ದವರ ಕೆಲಸವಿದು.

ಭಾವನದು ಗಂಗೊಳ್ಳಿ. ಐದು ಹೊಳೆಗಳು ಕಡಲಿಗೆ ಸೇರುವ ಅಳಿವೆಯ ಊರು. ಅವರ ಅಜ್ಜ ಮಳೆಗಾಲದಲ್ಲಿ ಮರದ ದೋಣಿಯನ್ನು ದಡಕ್ಕೆಳೆದು, ಹಲಗೆ ಸಂದಿಗಳಿಗೆ ಹತ್ತಿ ತುರುಕಿ, ಒಡಲಿಗೆ ಗೇರೆಣ್ಣೆ ಬಳಿಯುತ್ತಿದ್ದರಂತೆ. ಮೀನೆಣ್ಣೆ ಬಳಿಯುವ ಮನೆಗಳೂ ಇದ್ದವು. ಈಗ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಆ ಎರಡು ತಿಂಗಳು ಬಂದರುಗಳಲ್ಲಿ ನಡೆಯುವುದು ದುರಸ್ತಿ ಕೆಲಸವೇ. “ಮರ ಕೊಳೆತರೆ ಅಜ್ಜನಿಗೆ ಕಣ್ಣಿಗೇ ಕಾಣುತ್ತಿತ್ತು. ಇದು ಬೆಳ್ಳಗೆ ನಗುತ್ತಾ ಇರುತ್ತದೆ,” ಎಂದು ಭಾವ ಡೆಕ್ ಸವರಿದರು.

ಮರದ ದೋಣಿಯ ಮಾತು ಬಂದಾಗ ನನಗೆ ನೆನಪಾಗುವುದು ಸುಹೈಲಿ. ಮುಂಬಯಿಯಲ್ಲಿ ತೇಗದಿಂದ ಕಟ್ಟಿದ 32 ಅಡಿಯ ದೋಣಿ. ರಾಬಿನ್ ನಾಕ್ಸ್-ಜಾನ್ಸ್‌ಟನ್ ಅದರಲ್ಲಿ 312 ದಿನ ಒಂಟಿಯಾಗಿ, ಎಲ್ಲೂ ನಿಲ್ಲದೆ ಭೂಮಿ ಸುತ್ತಿ 1969ರ ಏಪ್ರಿಲ್ 22ರಂದು ಇಂಗ್ಲೆಂಡಿನ ಫಾಲ್ಮತ್ ಸೇರಿದರು. ಹಾಗೆ ಸುತ್ತಿದವರಲ್ಲಿ ಅವರೇ ಮೊದಲಿಗರು. ಅಟ್ಲಾಂಟಿಕ್ ನಡುವೆ ದೋಣಿ ಸೋರತೊಡಗಿದಾಗ ಅವರೂ ನೀರಿಗಿಳಿದು ಸಂದಿಗೆ ಹತ್ತಿಯನ್ನೇ ತುರುಕಿ, ಮೇಲೆ ತಾಮ್ರದ ಪಟ್ಟಿ ಬಡಿದಿದ್ದರು. ಮುಂದೆ ಅದೇ ದೋಣಿಯನ್ನು ಗ್ರೀನಿಚ್‌ನ ಕಡಲ ವಸ್ತುಸಂಗ್ರಹಾಲಯದಲ್ಲಿ ಗೌರವದಿಂದ ಇಟ್ಟರು. ಒಳಗಿನ ಒಣ ಹವೆಗೆ ಹಲಗೆಗಳು ಕುಗ್ಗತೊಡಗಿದವು. 2002ರಲ್ಲಿ ಅವರು ದೋಣಿಯನ್ನು ಅಲ್ಲಿಂದ ಬಿಡಿಸಿ ತಂದು ಮತ್ತೆ ದುರಸ್ತಿಗಿಳಿದರು. ಮೂರು ಮಹಾಸಾಗರ ತಾಳಿದ ತೇಗ ಒಂದು ಕೋಣೆಯ ಗಾಳಿಯನ್ನು ತಾಳಲಿಲ್ಲ.

ನಮ್ಮ ದೋಣಿಯ ಕೆಳಗೆ ಸುಮಾರು 1,200 ಕಿಲೋ ಸೀಸದ ಕೀಲ್. ಗಾಳಿಗೆ ದೋಣಿ ಮಗುಚದಂತೆ ಹಿಡಿಯುವ ಭಾರ ಅದು. ಕೀಲ್ ಒಡಲಿಗೆ ಸೇರುವಲ್ಲಿ ತುಟಿ ತೆರೆದಂತೆ ಒಂದು ಸೀಳು. ಮೇಲೆ ಬರೀ ಬಣ್ಣ ಬಳಿದು ಸೀಳನ್ನು ಮುಚ್ಚಿ ಮಾರುವವರಿದ್ದಾರೆ. ಹಾಗೆ ಮಾಡುವುದು ತಪ್ಪು. ಒಳಗಿನ ಬೋಲ್ಟುಗಳ ಮೇಲೆ ಒಂದು ಜೀವ ನಿಂತಿರುತ್ತದೆ. ಭಾವ ಒಂದೊಂದೇ ನಟ್ಟು ಬಿಚ್ಚಿ, ತುಕ್ಕು ಕೆರೆದು ನೋಡಿ, ತಿಂದುಹೋಗಿದ್ದ ಎರಡರ ಪಕ್ಕದಲ್ಲಿ ಹೊಸ ಬೋಲ್ಟು ಹಾಕಿಸಿದರು. ಆ ಒಂದು ಕೆಲಸ ಮಾತ್ರ ಅಂಗಳದ ನುರಿತವರದು.

ನೀರಿನ ಮಟ್ಟದ ಕೆಳಗೆ ಸಿಂಕಿಗೆ, ಎಂಜಿನ್ನಿಗೆ ಎಂದು ಕೊರೆದ ತೂತುಗಳಿರುತ್ತವೆ. ಪ್ರತಿಯೊಂದಕ್ಕೂ ಒಂದು ವಾಲ್ವ್. ಅದರಲ್ಲೊಂದು ಹಿತ್ತಾಳೆಯದು. ಉಗುರಿನಿಂದ ಕೆರೆದಾಗ ಹಳದಿ ಹೋಗಿ ಗುಲಾಬಿ ಬಣ್ಣ ಕಂಡಿತು. ಉಪ್ಪುನೀರು ಹಿತ್ತಾಳೆಯೊಳಗಿನ ಸತುವನ್ನು ತಿಂದು, ಬಿಸ್ಕತ್ತಿನಂತೆ ಪುಡಿಯಾಗುವ ತಾಮ್ರವನ್ನಷ್ಟೇ ಉಳಿಸಿತ್ತು. ಒಂದೂವರೆ ಅಂಗುಲದ ತೂತು, ಎರಡಡಿ ಆಳದಲ್ಲಿ ತೆರೆದುಕೊಂಡರೆ ಐದಾರು ಸೆಕೆಂಡಿಗೆ ಒಂದು ಕೊಡ ನೀರು ಒಳಬರುತ್ತದೆ. ಅದನ್ನು ತೆಗೆದು ಕಂಚಿನದನ್ನು ಹಾಕಿದೆವು. ಪ್ರತಿ ವಾಲ್ವಿನ ಕುತ್ತಿಗೆಗೂ ಮೆದುಮರದ ಒಂದು ಬಿರಡೆಯನ್ನು ದಾರದಲ್ಲಿ ಕಟ್ಟಿದೆವು. ಮುರಿದ ದಿನ ಹುಡುಕುತ್ತಾ ಕೂರಬಾರದು.

ಹಾಯಿಕಂಬವನ್ನು ಹಿಡಿದಿರುವ ಉಕ್ಕಿನ ತಂತಿಗಳಿಗೆ ಅಕ್ಕ ಬಂದಳು. ಹತ್ತಿಯ ಉಂಡೆಯೊಂದನ್ನು ತಂತಿಯ ಮೇಲಿನಿಂದ ಕೆಳಕ್ಕೆ ಮೆಲ್ಲನೆ ಸವರುತ್ತಾ ಹೋದಳು. ತುಂಡಾದ ಎಳೆಯಿದ್ದರೆ ಹತ್ತಿ ಸಿಕ್ಕಿಕೊಳ್ಳುತ್ತದೆ. ಬುಡದ ಹತ್ತಿರ, ತಂತಿ ಹಿಡಿಕೆಯೊಳಗೆ ಹೋಗುವಲ್ಲಿ, ಬಿಳಿ ಎಳೆಯೊಂದು ಸಿಕ್ಕಿ ಗಾಳಿಗೆ ಅಲುಗಾಡಿತು. ಹತ್ತೊಂಬತ್ತು ಎಳೆಗಳಲ್ಲಿ ಒಂದು ಕಡಿದಿತ್ತು. ತಂತಿಗಳನ್ನೆಲ್ಲ ಬದಲಿಸಿದರು. ಅವಕ್ಕೆ ಹತ್ತು ಹದಿನೈದು ವರ್ಷದ ಆಯಸ್ಸು ಎಂಬುದು ಕಡಲಿಗರ ರೂಢಿಯ ಲೆಕ್ಕ.

ಪೆಟ್ರೋಲ್ ಎಂಜಿನ್ ಮಾತ್ರ ಗಟ್ಟಿಯಾಗಿತ್ತು. ಗುಂಡಿ ಒತ್ತುವ ಮುಂಚೆ ನಾಲ್ಕು ನಿಮಿಷ ಫ್ಯಾನ್ ಓಡಿಸಬೇಕು ಎಂದು ಭಾವ ಅದರ ಪಕ್ಕ ಕನ್ನಡದಲ್ಲೇ ಬರೆದಿಟ್ಟಿದ್ದಾರೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ದೋಣಿಯ ತಳದಲ್ಲಿ ಕೂತು ಕಿಡಿಗಾಗಿ ಕಾಯುತ್ತದೆ.

ಮೂರನೇ ವಾರ ಎತ್ತುಯಂತ್ರ ಬಂತು. ಎರಡು ಅಗಲ ಪಟ್ಟಿಗಳಲ್ಲಿ ದೋಣಿಯನ್ನು ತೊಟ್ಟಿಲಂತೆ ತೂಗುತ್ತಾ ನೀರಿನವರೆಗೆ ಒಯ್ದಿತು. ಒಡಲು ನೀರು ಮುಟ್ಟಿದ ಮೇಲೂ ಪಟ್ಟಿ ಸಡಿಲಿಸಲು ಭಾವ ಬಿಡಲಿಲ್ಲ. ಒಳಗಿಳಿದು, ನೆಲದ ಹಲಗೆ ಎತ್ತಿ, ತಳಕ್ಕೆ ಕೈ ಹಾಕಿದರು. ಕೈ ಒಣಗಿಯೇ ಮೇಲೆ ಬಂತು.

ಹಳೆಯ ಹಾಯಿದೋಣಿ ಕೊಳ್ಳುವ ಆಸೆ ಯಾರಿಗಾದರೂ ಇದ್ದರೆ, ಬಿಸಿಲಿನ ದಿನ ಹೋಗಬೇಡಿ. ಮಳೆ ಬಂದ ಮರುದಿನ ಹೋಗಿ. ಹಾಸಿಗೆ ಎತ್ತಿ, ನೆಲಹಲಗೆ ಎತ್ತಿ ನೋಡಿ. ಸುತ್ತಿಗೆಯೊಂದು ಕೈಯಲ್ಲಿರಲಿ.